ಮುಚ್ಚಿದ ಸೇತುವೆಗೂ ಒಡೆಯನಿದ್ದಾನೆ

ಕೇಳುಗರಿಗೆ ನಮಸ್ಕಾರ.

2017ರ ಮೇ 18ರ ಸಂಜೆ. ದಕ್ಷಿಣ ಗೋವಾದ ಸಾವರ್ಡೆಯಲ್ಲಿ ಹೊಳೆಗೆ ಹಾರಿದವನೊಬ್ಬನ ಹುಡುಕಾಟ ನಡೆದಿತ್ತು. ನೋಡಲು ಬಂದ ಜನ ಹತ್ತಿ ನಿಂತದ್ದು ಪೋರ್ಚುಗೀಸರ ಕಾಲದ, ಸಂಚಾರಕ್ಕೆ ಎಂದೋ ಮುಚ್ಚಿದ್ದ ಕಾಲುಸೇತುವೆಯ ಮೇಲೆ. ಭಾರ ತಾಳದೆ ಅದು ಮುರಿಯಿತು. ಹತ್ತಾರು ಮಂದಿ ನೀರಿಗೆ ಬಿದ್ದರು. ಹೆಚ್ಚಿನವರು ಈಜಿ ದಡ ಸೇರಿದರು; ಎಲ್ಲರೂ ಅಲ್ಲ.

"ಮುಚ್ಚಿದ್ದೆವಲ್ಲ, ಹತ್ತಿದ್ದು ಅವರ ತಪ್ಪು." ಇಂಥ ದುರಂತವಾದಾಗ ಮೊದಲು ಕೇಳಿಬರುವ ಮಾತೇ ಇದು. 2025ರ ಜೂನ್ 15ರಂದು ಪುಣೆ ಬಳಿಯ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತಾಗಲೂ, ಅಲ್ಲಿ ಅಪಾಯದ ಫಲಕವಿತ್ತು ಎಂಬ ವಿವರಣೆ ಬಂತು. ಅಂದು ಭಾನುವಾರ, ಮಳೆಗಾಲ. ಪ್ರವಾಸಿಗರು ಬರುತ್ತಾರೆಂದು ಎಲ್ಲರಿಗೂ ಗೊತ್ತಿದ್ದ ಜಾಗ. ಜನ ಓಡಾಡುವುದು ಗೊತ್ತಿದ್ದೂ ಒಂದು ತಗಡಿನ ಫಲಕ ನೆಟ್ಟು ಕೈತೊಳೆದುಕೊಂಡರೆ, ಅದನ್ನು ಎಚ್ಚರಿಕೆ ಎನ್ನಲು ನನಗಂತೂ ಮನಸ್ಸು ಬಾರದು.

ಹಾಗಾದರೆ ಒಡೆಯ ಯಾರು? ನಮ್ಮ ರಾಜ್ಯದ ಮಟ್ಟಿಗೆ ಉತ್ತರ ಸರಳ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ, ಬೇರೊಬ್ಬರ ಹಕ್ಕು ರುಜುವಾತಾಗದ ಹೊರತು ನದಿ, ಹಳ್ಳ, ಕೆರೆಗಳ ಪಾತ್ರವೂ ಸಾರ್ವಜನಿಕ ರಸ್ತೆಯ ಸೇತುವೆಗಳೂ ರಾಜ್ಯ ಸರ್ಕಾರದ ಸ್ವತ್ತು. ರಾಷ್ಟ್ರೀಯ ಹೆದ್ದಾರಿಯದ್ದಾದರೆ ಕೇಂದ್ರದ್ದು. ಲೋಕೋಪಯೋಗಿಯವರು ಪಂಚಾಯಿತಿಯ ಕಡೆ, ಪಂಚಾಯಿತಿಯವರು ನೀರಾವರಿ ಇಲಾಖೆಯ ಕಡೆ ಕೈ ತೋರಿಸುವುದು ಅವರವರೊಳಗಿನ ಲೆಕ್ಕಾಚಾರ, ಅಷ್ಟೆ.

ಹಳೆಯದಾಯಿತು, ತಾನಾಗಿ ಬಿತ್ತು ಎಂದರೂ ನಡೆಯದು. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರದ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ 1966ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗೋಪುರಕ್ಕೆ 80 ವರ್ಷ. ಅದರ ಗಾರೆಯ ಆಯಸ್ಸು 40–45 ವರ್ಷ. ದೋಷ ಕಣ್ಣಿಗೆ ಬೀಳಲಿಲ್ಲ ಎಂಬ ನಗರಾಡಳಿತದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕಾಲಕಾಲಕ್ಕೆ ಪರೀಕ್ಷಿಸುವುದು ಒಡೆಯನ ಕರ್ತವ್ಯ, ಕಟ್ಟಡ ಬಿದ್ದದ್ದೇ ನಿರ್ಲಕ್ಷ್ಯವನ್ನು ಹೇಳುತ್ತದೆ ಎಂದಿತು. ನೀರಿನ ಮೇಲಿನ ಕಟ್ಟಡಕ್ಕೂ ಇದೇ ತರ್ಕ ಸಲ್ಲಬೇಕಲ್ಲವೇ?

ನಮ್ಮ ಕಾಳಿ ನದಿಯನ್ನೇ ನೋಡಿ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡ ನಡುವಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಕ್ಯಾಬಿನ್ನಿನ ಮೇಲೆ ಹತ್ತಿ ಕೂತಿದ್ದ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ದಡಕ್ಕೆ ತಂದರು. ನಾಲ್ಕು ದಶಕದ ಸೇತುವೆ, ಪಕ್ಕದಲ್ಲೇ ಹೊಸದು ಬಂದಿದ್ದರೂ ಹಳೆಯದರ ಮೇಲೆ ವಾಹನ ಓಡುತ್ತಲೇ ಇದ್ದವು. ಬಿದ್ದ ಮೇಲೂ ಹೊಣೆ ಮುಗಿಯುವುದಿಲ್ಲ. ಕಾಂಕ್ರೀಟು, ಸರಳು ನೀರಿನಡಿ ಉಳಿದರೆ ದೋಣಿಯ ತಳಕ್ಕೂ ಬಲೆಗೂ ಅದೇ ಕುತ್ತು.

ಬೀಳುವ ಮುನ್ನ ಏನು ಮಾಡಬಹುದು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133, ಇದಕ್ಕೇ ಇದೆ. ಬೀಳುವ ಸ್ಥಿತಿಯ ಕಟ್ಟಡವನ್ನು ದುರಸ್ತಿ ಮಾಡಿ ಅಥವಾ ತೆಗೆಯಿರಿ, ಇಲ್ಲವೇ ಕಾರಣ ಕೊಡಿ ಎಂದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಆದೇಶಿಸಬಹುದು. ಜನ ಬಳಸುವ ನದಿಗೆ ಅಡ್ಡಿಯಾದದ್ದನ್ನೂ ತೆಗೆಸಬಹುದು. ಆದೇಶ ಕಾಯಂ ಆದ ಮೇಲೂ ಮಾಡದಿದ್ದರೆ ತಾವೇ ಮಾಡಿಸಿ ಖರ್ಚು ವಸೂಲು ಮಾಡಬಹುದು. ದುಡ್ಡಿಲ್ಲ ಎಂಬ ನೆಪ? ರತ್ಲಾಮ್ ಪುರಸಭೆಯ ಚರಂಡಿ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದೆ.

ವಕೀಲರೇ ಬೇಕೆಂದಿಲ್ಲ, ಪೊಲೀಸ್ ವರದಿಯಾಗಲಿ, ಬೇರೆ ಮಾಹಿತಿಯಾಗಲಿ ಸಾಕು. ಬಿಳಿ ಹಾಳೆಯಲ್ಲಿ ಹಳ್ಳದ ಹೆಸರು, ಊರು, ಯಾವ ಕಂಬ ಬಿರಿದಿದೆ, ಯಾವ ಹಲಗೆ ಕೊಳೆತಿದೆ, ದಿನಾ ಯಾರು ದಾಟುತ್ತಾರೆ ಎಂದು ಬರೆದು ಫೋಟೊ ಲಗತ್ತಿಸಿ. ಮಲೆನಾಡಿನ ಕಾಲುಸಂಕವಾದರೆ ಶಾಲೆಗೆ ಹೋಗುವ ಮಕ್ಕಳ ಸಂಗತಿ ಮೊದಲು ಬರಲಿ. ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳದೆ ಹೊರಡಬೇಡಿ. "ನಮ್ಮ ಗಮನಕ್ಕೆ ಬಂದಿರಲಿಲ್ಲ" ಎಂದು ನಾಳೆ ಯಾರಾದರೂ ಹೇಳಿದರೆ ಮುಂದಿಡಲು ಅದು ಬೇಕಾಗುತ್ತದೆ.

ನಮಸ್ಕಾರ.