ತಾಳಕ್ಕೆ ಕುಣಿದ ಎಲುಬುಗಳು

ಕೇಳುಗರೇ, ನಮಸ್ಕಾರ.

ಕಾರ್ಟೂನ್ ಚಿತ್ರದ ಬಗ್ಗೆ ರೇಡಿಯೋದಲ್ಲಿ ಏನು ಮಾತಾಡುವುದು ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಚಿತ್ರದಲ್ಲಿ ಮೊದಲು ಬಂದದ್ದು ಸಂಗೀತ, ಆಮೇಲೆ ಗೆರೆ. ಹೆಸರು 'ದಿ ಸ್ಕೆಲಿಟನ್ ಡ್ಯಾನ್ಸ್', ಅಂದರೆ ಅಸ್ಥಿಪಂಜರಗಳ ಕುಣಿತ. ವಾಲ್ಟ್ ಡಿಸ್ನಿ ಸ್ಟುಡಿಯೋ 1929ರಲ್ಲಿ ತಯಾರಿಸಿದ ಕಪ್ಪು ಬಿಳುಪಿನ ಕಿರುಚಿತ್ರ. ಹೆಚ್ಚೆಂದರೆ ಆರು ನಿಮಿಷ.

ಅದರ ಹಿಂದಿನ ವರ್ಷವಷ್ಟೇ ಮಿಕ್ಕಿ ಮೌಸ್ ತೆರೆಯ ಮೇಲೆ ಸಿಳ್ಳೆ ಹಾಕಿ ಜನರ ಮನಸ್ಸು ಗೆದ್ದಿದ್ದ. ಆಗ ಡಿಸ್ನಿ ಜೊತೆಗಿದ್ದ ಸಂಗೀತಗಾರ ಕಾರ್ಲ್ ಸ್ಟಾಲಿಂಗ್. ಕ್ಯಾನ್ಸಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಸಿನಿಮಾಗಳಿಗೆ ಆರ್ಗನ್ ನುಡಿಸಿ ಪಳಗಿದವರು. ಯಾವಾಗಲೂ ಚಿತ್ರದ ಹಿಂದೆ ಸಂಗೀತ ಓಡಬೇಕಾ, ಒಂದು ಸಲ ಸಂಗೀತದ ಹಿಂದೆ ಚಿತ್ರ ಬರಲಿ ಎನ್ನುವುದು ಅವರ ವಾದ. 'ಸಿಲ್ಲಿ ಸಿಂಫನಿ' ಸರಣಿ ಶುರುವಾದದ್ದು ಹಾಗೆ. ಇದು ಅದರ ಮೊದಲ ಚಿತ್ರ. ನಾರ್ವೆಯ ಸಂಗೀತ ರಚನೆಕಾರ ಗ್ರೀಗ್ ಅವರ ಒಂದು ಪಿಯಾನೋ ಕೃತಿಯೂ ಇದರೊಳಗೆ ಸೇರಿಕೊಂಡಿದೆ.

ಚಿತ್ರ ಬರೆದವರ ಕಷ್ಟ ನೋಡಿ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತವೆ. ಸೆಕೆಂಡಿಗೆ ಎರಡು ಪೆಟ್ಟು ಬೀಳುವ ಲಯ ಅಂದುಕೊಳ್ಳಿ. ಆಗ ಒಂದು ಪೆಟ್ಟಿಗೆ ಸಿಗುವುದು 12 ಫ್ರೇಮ್. ಅಷ್ಟರಲ್ಲೇ ಕಾಲು ಮೇಲೇಳಬೇಕು, ಸರಿಯಾಗಿ ಪೆಟ್ಟಿಗೇ ನೆಲ ಮುಟ್ಟಬೇಕು. ನಾಲ್ಕು ಫ್ರೇಮ್ ಆಚೀಚೆ ಆದರೂ ತಾಳ ಕೆಟ್ಟಿತು. ಈ ಲೆಕ್ಕ ಇಟ್ಟುಕೊಂಡು ಹೆಚ್ಚುಕಮ್ಮಿ ಇಡೀ ಚಿತ್ರವನ್ನು ಕೈಯಲ್ಲೇ ಬರೆದವರು ಅಬ್ ಐವರ್ಕ್ಸ್. ನಡುನಡುವಿನ ಬಿಡಿ ಚಿತ್ರಗಳನ್ನಾದರೂ ಸಹಾಯಕರಿಗೆ ಬಿಡಿ ಅಂತ ಡಿಸ್ನಿ ಗೊಣಗುತ್ತಿದ್ದರಂತೆ. ಆಸಾಮಿ ಜಗ್ಗಲಿಲ್ಲ. 1930ರ ಶುರುವಿನಲ್ಲಿ ಸ್ಟುಡಿಯೋವನ್ನೇ ಬಿಟ್ಟು ಹೊರಟರು. ಸ್ಟಾಲಿಂಗ್ ಕೂಡ ಹೊರಬಿದ್ದರು.

ಕಥೆ ಅಂತ ಏನೂ ಇಲ್ಲ, ಬಿಡಿ. ನಡುರಾತ್ರಿ, ಸ್ಮಶಾನ, ಗೂಬೆ, ಗೋರಿಕಲ್ಲಿನ ಮೇಲೆ ಜಗಳಾಡುವ ಎರಡು ಬೆಕ್ಕು. ಕಲ್ಲಿನ ಹಿಂದಿನಿಂದ ಅಸ್ಥಿಪಂಜರ ಎದ್ದು ಬರುತ್ತದೆ. ಆಮೇಲೆ ನಾಲ್ಕು ಸೇರಿ ಕುಣಿಯುತ್ತವೆ. ಒಂದಂತೂ ಎರಡು ಮೂಳೆ ಹಿಡಿದು ಇನ್ನೊಂದರ ಬೆನ್ನುಮೂಳೆಯನ್ನೇ ಕ್ಸೈಲೋಫೋನ್ ಅನ್ನುವ ಮರದ ಪಟ್ಟಿಗಳ ವಾದ್ಯದ ಥರ ಬಾರಿಸುತ್ತದೆ. ಟಕಟಕ ಸದ್ದಿಗೂ ಬೀಳುವ ಪೆಟ್ಟಿಗೂ ಕೂದಲೆಳೆಯ ಅಂತರ ಕಾಣುವುದಿಲ್ಲ. ಗಮನಿಸಿದರೆ, ಬರೆದ ಹೆಜ್ಜೆಗಳನ್ನೇ ತಿರುಗಾ ಮುರುಗಾ ಬಳಸಿದ್ದಾರೆ. ಕೆಲಸ ಉಳಿಸಲು ಮಾಡಿದ್ದೇ ಇರಬಹುದು. ನನಗೆ ಮಾತ್ರ ಅದು ಪಲ್ಲವಿ ಮರಳಿ ಬಂದ ಹಾಗೆ ಹಿತವಾಗಿದೆ. ಕೊನೆಗೆ ಕೋಳಿ ಕೂಗುತ್ತದೆ. ಗಡಿಬಿಡಿಯಲ್ಲಿ ಎಲ್ಲದರ ಮೂಳೆ ಕಲಸುಮೇಲೋಗರ!

ಸ್ಮಶಾನದ ತಮಾಷೆ ನೋಡಿ ಸಿನಿಮಾ ಹಂಚುವವರು ಮೊದಲು ಹಿಂದೇಟು ಹಾಕಿದ್ದರು. ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಥಿಯೇಟರಿನಲ್ಲಿ ತೋರಿಸಿದಾಗ ಜನ ಮೆಚ್ಚಿದರು.

2025ರ ಜನವರಿ 1ಕ್ಕೆ ಅಮೆರಿಕದಲ್ಲಿ ಇದರ ಹಕ್ಕುಸ್ವಾಮ್ಯ ಮುಗಿದಿದೆ. ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಒಂದು ಕಡೆ ಅಸ್ಥಿಪಂಜರ ಬಾಯಿ ತೆರೆದುಕೊಂಡು ನೇರ ನಮ್ಮ ಮುಖಕ್ಕೇ ನುಗ್ಗುತ್ತದೆ.

ನಮಸ್ಕಾರ.