ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ

ಸ್ನೇಹಿತರೇ, ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡೋಣ. ಅಂಗೈ ಮೇಲಾಗಿ ಕೈಯನ್ನು ತೊಡೆಯ ಮೇಲೆ ಇಡಿ. ಹೆಬ್ಬೆರಳಿನ ತುದಿಗೆ ಕಿರುಬೆರಳಿನ ತುದಿ ತಾಗಿಸಿ. ಈಗ ಮಣಿಕಟ್ಟನ್ನು ಸ್ವಲ್ಪ ಒಳಗೆ ಮಡಚಿ. ನಡುವೆ ಹುರಿಯಂಥ ಒಂದು ಎಳೆ ಎದ್ದು ನಿಂತಿತಾ? ಕೆಲವರಿಗೆ ನಿಂತಿದೆ, ಕೆಲವರಿಗೆ ಇಲ್ಲ. ಇಲ್ಲದವರು ಗಾಬರಿಯಾಗಬೇಡಿ. ಅದು ಮುಂಗೈಯ ಒಂದು ಸ್ನಾಯುವಿನ ತುದಿ. ಅದಿಲ್ಲದವರೂ ಇರುವವರಷ್ಟೇ ಗಟ್ಟಿಯಾಗಿ ಹಿಡಿಯಬಲ್ಲರು. ದೇಹದ ಇನ್ನೊಂದು ಕಡೆ ರಿಪೇರಿಗೆ ಬೇಕಾದಾಗ ಸರ್ಜನ್‌ಗಳು ಎಷ್ಟೋ ಸಲ ಇದನ್ನೇ ತೆಗೆದು ಅಲ್ಲಿಗೆ ಜೋಡಿಸುತ್ತಾರೆ.

ಹಾಗಾದರೆ ಅದು ಯಾಕಿದೆ? ಇವತ್ತು ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ದೇಹದಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಭಾಗಗಳನ್ನು ನೋಡಿ ನಾವು ಬೆರಗಾಗುತ್ತೇವೆ. ಆದರೆ ನಮ್ಮ ಹಿಂದಿನ ಕತೆ ಹೇಳುವುದು ಜಾಸ್ತಿ ಉಳಿಕೆಗಳು, ಒಡಕುಗಳು, ತೇಪೆಗಳು.

ಹಳೆಯ ಕಾವ್ಯಗಳನ್ನು ಸಂಪಾದಿಸುವವರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಕಾವ್ಯದ ಹತ್ತು ಓಲೆಗರಿ ಪ್ರತಿಗಳು ಸಿಕ್ಕಿವೆ ಅಂದುಕೊಳ್ಳಿ. ಸರಿಯಾಗಿರುವ ಸಾಲು ಎಲ್ಲದರಲ್ಲೂ ಒಂದೇ ಥರ ಇರುತ್ತದೆ. ಯಾವುದನ್ನು ನೋಡಿ ಯಾವುದನ್ನು ಬರೆದರು ಎಂದು ಅದರಿಂದ ತಿಳಿಯುವುದಿಲ್ಲ. ಆದರೆ ಮೂರು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಅದೇ ಸಾಲು ಬಿಟ್ಟುಹೋಗಿದ್ದರೆ? ಆ ಮೂರಕ್ಕೂ ಮೂಲ ಒಂದೇ ಎಂದು ಸಂಪಾದಕರು ಹೇಳುತ್ತಾರೆ. ಮೂವರು ಲಿಪಿಕಾರರು ಬೇರೆ ಬೇರೆ ಕೂತು ಅದೇ ತಪ್ಪನ್ನು ಮಾಡಲಿಕ್ಕಿಲ್ಲ, ಅಲ್ವಾ?

ನಮ್ಮೊಳಗೆ ಇಂಥ ಒಂದು ತಪ್ಪು ಇದೆ. ನಾಯಿ, ಬೆಕ್ಕು, ಹಸು ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ಆಹಾರದಲ್ಲಿ ಸಿಗದಿದ್ದರೆ ಸ್ಕರ್ವಿ ರೋಗ ಬರುತ್ತದೆ. ಅದನ್ನು ತಯಾರಿಸುವ ಕೆಲಸದ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮ ಡಿಎನ್‌ಎಯಲ್ಲಿ ಇಲ್ಲ ಅಂತಲ್ಲ. ಇದೆ, ಕೆಟ್ಟು ಬಿದ್ದಿದೆ. ಅದರ ಹಲವು ತುಂಡುಗಳು ಕಳಚಿಹೋಗಿವೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಮಂಗ, ಇವುಗಳಲ್ಲೂ ಅದೇ ಜೀನ್ ಕೆಟ್ಟಿದೆ, ನಮ್ಮಲ್ಲಿ ಕೆಟ್ಟ ರೀತಿಯಲ್ಲೇ. ಗಿನಿಪಿಗ್‌ನಲ್ಲೂ ಕೆಟ್ಟಿದೆ. ಆದರೆ ಅಲ್ಲಿ ಒಡಕಿನ ರೀತಿಯೇ ಬೇರೆ. ನಾನು ಮೊದಲ ಸಲ ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಈಗ ತಿಮಿಂಗಿಲದ ವಿಷಯಕ್ಕೆ ಬರುತ್ತೇನೆ. ತಿಮಿಂಗಿಲ ಮೀನಲ್ಲ. ಉಸಿರಾಡಲು ಮೇಲೆ ಬರುತ್ತದೆ, ಮರಿಗೆ ಹಾಲೂಡಿಸುತ್ತದೆ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿದರೆ, ತಿಮಿಂಗಿಲ ಮೇಲೆ ಕೆಳಗೆ ಬೀಸುತ್ತದೆ. ನೆಲದ ಮೇಲೆ ನಾಗಾಲೋಟ ಓಡುವ ಪ್ರಾಣಿಯ ಬೆನ್ನು ಬಾಗುವುದೂ ಹಾಗೆಯೇ. ಅದರ ಮಾಂಸದೊಳಗೆ ಸೊಂಟದ ಪುಟ್ಟ ಮೂಳೆಗಳು ಇನ್ನೂ ಇವೆ. ಡಾಲ್ಫಿನ್ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗುಗಳು ಮೂಡಿ, ಕೆಲವು ವಾರಗಳಲ್ಲಿ ಕರಗಿಹೋಗುತ್ತವೆ. ಇವಿಷ್ಟೂ ನೆಲದ ನೆನಪುಗಳೇ. ಆದರೆ ನೆಲದ ಮೇಲಿದ್ದ ಆ ಪೂರ್ವಜ ಯಾವುದು?

ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಜಮ್ಮು-ಕಾಶ್ಮೀರದ ಕಾಲಾಕೋಟ್ ಹತ್ತಿರ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅಲ್ಲಿ ಸಿಕ್ಕ ಒಂದು ಪ್ರಾಣಿಗೆ 1971ರಲ್ಲಿ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಎಷ್ಟೋ ಕಲ್ಲುಗಳನ್ನು ಬಿಡಿಸಿ ನೋಡುವ ಮೊದಲೇ ತೀರಿಹೋದರು. ಅವರ ಪತ್ನಿ ಆ ಕಲ್ಲುಗಳನ್ನು ವರ್ಷಗಟ್ಟಲೆ ಜೋಪಾನ ಮಾಡಿ, ಕೊನೆಗೆ ಹಾನ್ಸ್ ಥೆವಿಸೆನ್ ಎಂಬ ಸಂಶೋಧಕರಿಗೆ ಕೊಟ್ಟರು. ಅವರ ಲ್ಯಾಬಿನಲ್ಲಿ ಒಂದು ತಲೆಬುರುಡೆಯನ್ನು ಬಿಡಿಸುವಾಗ ಕಿವಿಯ ಭಾಗ ಅಕಸ್ಮಾತ್ ಮುರಿಯಿತು. ಒಳಗಿನ ಮೂಳೆಯ ಒಂದು ಗೋಡೆ ತೆಳ್ಳಗೆ, ಇನ್ನೊಂದು ವಿಪರೀತ ದಪ್ಪ. ಅಂಥ ಕಿವಿ ಅಲ್ಲಿಯವರೆಗೆ ಕಂಡಿದ್ದು ತಿಮಿಂಗಿಲ, ಡಾಲ್ಫಿನ್‌ಗಳ ವಂಶದಲ್ಲಿ ಮಾತ್ರ. ಇದು ಬೆಕ್ಕಿನಷ್ಟು ಗಾತ್ರದ, ಗೊರಸಿದ್ದ, ಪುಟ್ಟ ಜಿಂಕೆಯಂಥ ಪ್ರಾಣಿ. 4 ಕೋಟಿ 80 ಲಕ್ಷ ವರ್ಷ ಹಳೆಯದು. ಕಾಲಿನ ಮೂಳೆಗಳು ನೀರಿನಲ್ಲಿ ಓಡಾಡುವ ಪ್ರಾಣಿಯ ಮೂಳೆಗಳಂತೆ ಭಾರ. 2007ರಲ್ಲಿ ಇದು ಪ್ರಕಟವಾಯಿತು. ಬದುಕಿರುವ ಪ್ರಾಣಿಗಳ ಪೈಕಿ ತಿಮಿಂಗಿಲಕ್ಕೆ ತೀರಾ ಹತ್ತಿರದ ನೆಂಟ ನೀರಾನೆ ಎಂದು ಡಿಎನ್‌ಎ ಅಷ್ಟರಲ್ಲಾಗಲೇ ಹೇಳಿತ್ತು. ನೀರಾನೆಯೂ ಗೊರಸಿನ ಪ್ರಾಣಿಗಳ ಗುಂಪಿನದೇ. ಕಲ್ಲನ್ನು ಓದುವವರು, ಡಿಎನ್‌ಎ ಓದುವವರು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಮನೆಯ ಬಾಗಿಲಿಗೆ ಬಂದರು. ಇಂಡೋಹ್ಯೂಸ್ ತಿಮಿಂಗಿಲದ ಮುತ್ತಜ್ಜ ಎಂದು ನಾನು ಹೇಳುತ್ತಿಲ್ಲ. ಆ ಮನೆತನದ ಪಕ್ಕದ ಕವಲು ಅದು.

ಕವಲು ಅಂದೆ. ಈ ಮಾತು ಮನಸ್ಸಿಗೆ ಇಳಿದರೆ ಮನುಷ್ಯನ ವಿಷಯದ ಅರ್ಧ ಜಗಳ ಮುಗಿಯುತ್ತದೆ. ‘ಮಂಗನಿಂದ ಮಾನವ’ ಎಂದು ನಾವು ಕೇಳುತ್ತಾ ಬೆಳೆದವರು. ಹಾಗಾದರೆ ಮಂಗಗಳು ಇನ್ನೂ ಯಾಕೆ ಮಂಗಗಳಾಗಿಯೇ ಉಳಿದಿವೆ ಎಂದು ಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾಗಿದೆ. ಎಡವಟ್ಟಾಗಿರುವುದು ನಾವು ಹೇಳಿಕೊಟ್ಟ ಮಾತಿನಲ್ಲಿ. ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ನೀವು ಹುಟ್ಟಿದಿರಿ ಅಂತ ನಿಮ್ಮ ದೊಡ್ಡಪ್ಪನ ಮಕ್ಕಳು ಇಲ್ಲವಾಗುತ್ತಾರಾ? ಚಿಂಪಾಂಜಿ ಇನ್ನೂ ಹತ್ತಿರದ ದಾಯಾದಿ. ಅದರ ಕವಲೂ ನಮ್ಮ ಕವಲೂ ಬೇರೆಯಾಗಿದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ.

ಇದಕ್ಕೊಂದು ಗಟ್ಟಿ ಗುರುತು ಇದೆ. ನಮಗೆ 23 ಜೊತೆ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24. ಮೂಲ ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಸುಮ್ನೆ ಕಳೆದುಹೋಗಿರಲು ಸಾಧ್ಯವಿಲ್ಲ, ಅಷ್ಟು ಜೀನ್‌ಗಳು ಹೋದರೆ ಜೀವವೇ ಉಳಿಯದು. ಎರಡು ತಂತುಗಳು ಬೆಸೆದು ಒಂದಾಗಿರಬೇಕು. ಹಾಗಿದ್ದರೆ ಬೆಸುಗೆಯ ಗುರುತು ಸಿಗಬೇಕು. 1991ರಲ್ಲಿ ಸಿಕ್ಕಿತು. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಅಕ್ಷರಗಳ ಸಾಲು ನಮ್ಮ 2ನೇ ವರ್ಣತಂತುವಿನ ಒಳಗೆ, ಎದುರುಬದುರಾಗಿ ಕೂತಿದೆ.

ಎಲುಬುಗಳೂ ಬೇಕಾದಷ್ಟಿವೆ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಲೂಸಿ ಸಿಕ್ಕಳು. 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರ, ಶೇಕಡಾ ಸುಮಾರು 40 ಭಾಗ ಉಳಿದಿತ್ತು. ಅವಳ ಜಾತಿಯ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ಆದರೆ ಸೊಂಟ, ಮೊಣಕಾಲು ಎರಡು ಕಾಲಲ್ಲಿ ನಡೆಯುವವರದು. ಮೊದಲು ಬುದ್ಧಿ ಬೆಳೆಯಿತು, ಆಮೇಲೆ ಎದ್ದು ನಿಂತೆವು ಎಂದು ಎಷ್ಟೋ ಪಂಡಿತರು ನಂಬಿದ್ದರು. ನಡೆದಿದ್ದು ತಿರುಗುಮುರುಗು. ಕಾಲು ಮೊದಲು, ತಲೆ ಆಮೇಲೆ.

ನನಗೆ ಲೂಸಿಗಿಂತಲೂ ಹತ್ತಿರ ಅನ್ನಿಸುವುದು ಟಾಂಜಾನಿಯಾದ ಲೇಟೋಲಿ. 1978ರಲ್ಲಿ ಪಳೆಯುಳಿಕೆ ಸಂಶೋಧಕಿ ಮೇರಿ ಲೀಕಿ ಅವರ ತಂಡ ಅಲ್ಲಿ ಹೆಜ್ಜೆಗುರುತುಗಳನ್ನು ಕಂಡಿತು. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ನೆಲಕ್ಕೆ ಬಿದ್ದಿತ್ತು, ಅದರ ಮೇಲೆ ಮಳೆ ಹನಿಯಿತು. ಹನಿಗಳ ಗುರುತೂ ಅಲ್ಲಿ ಉಳಿದಿದೆ. ಆ ಒದ್ದೆ ಬೂದಿಯಲ್ಲಿ ಕೆಲವರು ನಡೆದು ಹೋದರು. ಬೂದಿ ಗಟ್ಟಿಯಾಯಿತು. ಸುಮಾರು 27 ಮೀಟರ್ ಉದ್ದದ ಸಾಲು. ಹಿಮ್ಮಡಿ ಆಳವಾಗಿ ಊರಿದೆ, ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಮುಂದಕ್ಕೆ ಚಾಚಿದೆ, ನಮ್ಮ ಪಾದದ ಹಾಗೇ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಪಾದಗಳ ಸಾಲು. ದೊಡ್ಡ ಗುರುತುಗಳನ್ನು ಹತ್ತಿರದಿಂದ ನೋಡಿದಾಗ ಅವು ಒಬ್ಬರದಲ್ಲ ಎಂದು ಗೊತ್ತಾಯಿತು. ಮುಂದೆ ಹೋದವರ ಒಂದೊಂದು ಹೆಜ್ಜೆಯ ಗುಳಿಯೊಳಗೇ ಕಾಲಿಟ್ಟು ಮತ್ತೊಬ್ಬರು ಹಿಂದೆ ನಡೆದಿದ್ದಾರೆ.