ವೇಷ ಬದಲಿಸದ ವೈರಸ್

ಕೇಳುಗರಿಗೆ ನಮಸ್ಕಾರ.

ಇವತ್ತು ಹೆಪಟೈಟಿಸ್ ಸಿ ಬಗ್ಗೆ ಮಾತಾಡೋಣ. ಲಿವರನ್ನು ಸದ್ದಿಲ್ಲದೆ ಹಾಳು ಮಾಡುವ ವೈರಸ್ ಇದು. ಅದರಲ್ಲೂ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ನನ್ನ ವಿಷಯ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಕಿಡ್ನಿ ಅಥವಾ ಲಿವರ್ ಕಸಿ ಆದವರು, ಎಚ್‌ಐವಿ ಇರುವವರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ ದಯವಿಟ್ಟು ಸ್ವಲ್ಪ ಗಮನ ಕೊಟ್ಟು ಕೇಳಿ.

ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ಅದಕ್ಕೂ ಮುಂಚೆ, ರಕ್ತ ಹಾಕಿಸಿಕೊಂಡ ಮೇಲೆ ಕೆಲವರಿಗೆ ಲಿವರಿನ ಉರಿಯೂತ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ಅಲ್ಲ, ಬಿ ಕೂಡ ಅಲ್ಲ. ಕೊನೆಗೆ ಮೈಕಲ್ ಹೌಟನ್ ಮತ್ತು ಅವರ ಜೊತೆಯವರು ವೈರಸ್ಸಿನ ಒಂದು ಚೂರು ವಂಶವಾಹಿಯನ್ನು ಹಿಡಿದು ಅದರ ಗುರುತು ಪತ್ತೆ ಮಾಡಿದರು. ಹೌಟನ್, ಹಾರ್ವಿ ಆಲ್ಟರ್, ಚಾರ್ಲ್ಸ್ ರೈಸ್ ಈ ಮೂವರಿಗೆ 2020ರಲ್ಲಿ ನೊಬೆಲ್ ಬಂತು.

ಈ ವೈರಸ್ಸಿನ ಒಳಗಿರುವ ವಂಶವಾಹಿ ಆರ್‌ಎನ್‌ಎ. ಸುಮಾರು 9,600 ಅಕ್ಷರಗಳ ಒಂದೇ ಒಂದು ಎಳೆ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿಯೇ ಇಲ್ಲ. ಸೋಂಕು ತಗಲಿದ ಒಬ್ಬರ ಮೈಯಲ್ಲಿ ದಿನಕ್ಕೆ ಹುಟ್ಟುವ ವೈರಸ್ ಕಣಗಳು ಸುಮಾರು ಒಂದು ಲಕ್ಷ ಕೋಟಿ. ಇಷ್ಟೊಂದು ನಕಲು, ಅದರಲ್ಲಿ ಇಷ್ಟೊಂದು ತಪ್ಪು. ಹಾಗಾಗಿ ಒಬ್ಬರ ರಕ್ತದಲ್ಲೇ ಒಂದನ್ನೊಂದು ಹೋಲುವ, ಆದರೆ ತದ್ರೂಪವಲ್ಲದ ಲೆಕ್ಕವಿಲ್ಲದಷ್ಟು ವೈರಸ್‌ಗಳು ಇರುತ್ತವೆ. ಜಗತ್ತಿನಾದ್ಯಂತ ನೋಡಿದರೆ ಎಂಟು ದೊಡ್ಡ ಬಗೆಗಳಿವೆ. ನಮ್ಮ ದೇಶದಲ್ಲಿ ಮೂರನೆಯ ಬಗೆ ಜಾಸ್ತಿ, ಆಮೇಲೆ ಒಂದನೆಯದು. ಈ ಮೂರನೆಯ ಬಗೆ ಲಿವರಿನಲ್ಲಿ ಕೊಬ್ಬು ಕೂಡುವಂತೆ ಮಾಡುತ್ತದೆ.

ವೈರಸ್ಸಿನ ಹೊರಕವಚದಲ್ಲಿ 27 ಅಮೈನೋ ಆಮ್ಲಗಳ ಒಂದು ಪುಟ್ಟ ತುಂಡು ಇದೆ. ಎಲ್ಲಕ್ಕಿಂತ ಬೇಗ ಬದಲಾಗುವುದು ಅದೇ. ನಮ್ಮ ದೇಹ ತಯಾರಿಸುವ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು, ಹಿಡಿಯಲು ನೋಡುವುದೂ ಅದನ್ನೇ. ಇವತ್ತಿನ ರೂಪಕ್ಕೆ ಪ್ರತಿಕಾಯ ಸಿದ್ಧವಾಗುವ ಹೊತ್ತಿಗೆ ಬೇರೆ ರೂಪದ್ದು ಬೆಳೆದು ನಿಂತಿರುತ್ತದೆ. ಹೆಪಟೈಟಿಸ್ ಸಿಗೆ ಇವತ್ತಿಗೂ ಲಸಿಕೆ ಇಲ್ಲದಿರಲು ಇದೇ ಒಂದು ದೊಡ್ಡ ಕಾರಣ.

2000ದಲ್ಲಿ ಪಟ್ರೀಸಿಯಾ ಫಾರ್ಚಿ ಅವರ ತಂಡ ಒಂದು ಮುಖ್ಯವಾದ ವಿಷಯ ತೋರಿಸಿತು. ಸೋಂಕಿನ ಮೊದಲ ತಿಂಗಳುಗಳಲ್ಲಿ ವೈರಸ್ಸಿನ ವೈವಿಧ್ಯ ಕಡಿಮೆಯಾಗುತ್ತಾ ಬಂದವರು ತಾವಾಗಿಯೇ ಗುಣವಾದರು. ವೈವಿಧ್ಯ ಹೆಚ್ಚುತ್ತಾ ಹೋದವರಲ್ಲಿ ಕಾಯಿಲೆ ಕಾಯಂ ಆಗಿ ಉಳಿಯಿತು. ಇದನ್ನು ಕೇಳಿದರೆ ಯಾರಿಗಾದರೂ ಏನನಿಸುತ್ತದೆ? ವೈರಸ್ ಎಷ್ಟು ಬದಲಾಗುತ್ತದೋ ಅಷ್ಟು ಅಪಾಯ, ಬದಲಾಗದಿದ್ದರೆ ಅಪಾಯವಿಲ್ಲ ಅಂತ, ಅಲ್ವಾ?

ಹಾಗಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದೇ ಇದನ್ನು.

ಕೆಲವರಿಗೆ ಪ್ರತಿಕಾಯ ತಯಾರಿಸುವ ಶಕ್ತಿಯೇ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಬೇರೆಯವರ ರಕ್ತದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಔಷಧಿಯನ್ನು, ಅವರು ಜೀವನಪೂರ್ತಿ ಹಾಕಿಸಿಕೊಳ್ಳಬೇಕು. ಹಿಂದೆ ಯುರೋಪಿನಲ್ಲೂ ಅಮೆರಿಕದಲ್ಲೂ ಇಂಥ ಔಷಧಿಯ ಮೂಲಕವೇ ಕೆಲವರಿಗೆ ಹೆಪಟೈಟಿಸ್ ಸಿ ತಗಲಿತು. 1994ರಲ್ಲಿ ಅಮೆರಿಕದಲ್ಲಿ ಅಂಥ ಒಂದು ಔಷಧಿಯನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಬದುಕಲಿಕ್ಕೆಂದು ತೆಗೆದುಕೊಂಡ ಮದ್ದೇ ರೋಗ ತಂದಿತಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಇಂಥವರ ರಕ್ತದಲ್ಲಿದ್ದ ವೈರಸ್ಸನ್ನು ಪರೀಕ್ಷಿಸಿದಾಗ ಆ 27ರ ತುಂಡು ಬಹಳ ಕಾಲ ಹೆಚ್ಚುಕಡಿಮೆ ಹಾಗೇ ಇತ್ತು. ಗುರುತು ಹಿಡಿಯುವವರೇ ಇಲ್ಲದ ಊರಿನಲ್ಲಿ ಕಳ್ಳ ಯಾಕೆ ವೇಷ ಬದಲಿಸಬೇಕು? ನಕಲಿನ ತಪ್ಪುಗಳು ಇವರಲ್ಲೂ ಆಗುತ್ತಲೇ ಇರುತ್ತವೆ. ಆದರೆ ಹೊಸ ರೂಪಕ್ಕೆ ಹಳೆಯದರ ಮುಂದೆ ಯಾವ ಲಾಭವೂ ಇಲ್ಲ. ಹಾಗಾಗಿ ಹಳೆಯದೇ ಬೆಳೆಯುತ್ತಾ ಹೋಗುತ್ತದೆ.

ಆದರೆ ಇವರ ಲಿವರ್ ಮಾತ್ರ ಉಳಿದವರಿಗಿಂತ ಬೇಗ ಕೆಟ್ಟಿತು. ಕೆಲವರಿಗೆ ಕೆಲವೇ ವರ್ಷಗಳಲ್ಲಿ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಗಟ್ಟಿಯಾಗುವ ಸ್ಥಿತಿ, ಬಂತು. ಇದಕ್ಕೆ ಎದುರಾಗಿ ಐರ್ಲೆಂಡಿನ ತಾಯಂದಿರನ್ನು ನೋಡಿ. 1977ರ ಹೊತ್ತಿಗೆ ಅಲ್ಲಿ ಆರ್‌ಎಚ್ ನೆಗೆಟಿವ್ ಬಾಣಂತಿಯರಿಗೆ ಮುಂದಿನ ಮಗುವಿಗೆ ರಕ್ತದ ಗುಂಪಿನ ತೊಂದರೆ ಬಾರದಿರಲಿ ಅಂತ ಕೊಟ್ಟ ಆ್ಯಂಟಿ-ಡಿ ಇಂಜೆಕ್ಷನ್‌ನಲ್ಲೂ ಇದೇ ವೈರಸ್ ಸೇರಿಹೋಗಿತ್ತು. ಅವರು ವಯಸ್ಸಿನಲ್ಲಿ ಚಿಕ್ಕವರು, ಉಳಿದಂತೆ ಆರೋಗ್ಯವಂತರು. ಸುಮಾರು 17 ವರ್ಷಗಳ ನಂತರ ಲಿವರಿನ ಚೂರು ತೆಗೆದು ನೋಡಿದರೆ, ಸಿರೋಸಿಸ್ ಕಂಡದ್ದು ನೂರರಲ್ಲಿ ಇಬ್ಬರಿಗೆ ಮಾತ್ರ.

ಇಲ್ಲಿ ಒಂದು ಗೊಂದಲ ಇದೆ. ಸಾಮಾನ್ಯವಾಗಿ ಈ ವೈರಸ್ ಲಿವರಿನ ಜೀವಕೋಶವನ್ನು ತಾನೇ ಕೊಲ್ಲುವುದು ಕಡಿಮೆ. ಅದನ್ನು ಓಡಿಸಲು ಹೋದ ನಮ್ಮ ರಕ್ಷಣಾ ಕೋಶಗಳಿಂದಲೇ ಹೆಚ್ಚಿನ ಹಾನಿ ಆಗುತ್ತದೆ. ಹಾಗಿದ್ದರೆ ರಕ್ಷಣೆ ದುರ್ಬಲವಾದಷ್ಟೂ ಲಿವರಿಗೆ ಒಳ್ಳೆಯದಲ್ಲವೇ? ನಿಜವಾಗಿ ಆಗುವುದು ಬೇರೆ. ರಕ್ಷಣೆ ಪೂರ್ತಿ ಸತ್ತಿರುವುದಿಲ್ಲ. ಉರಿಯೂತ ಎಬ್ಬಿಸುವಷ್ಟು ಉಳಿದಿರುತ್ತದೆ, ವೈರಸ್ಸನ್ನು ಹತೋಟಿಗೆ ತರುವಷ್ಟು ಇರುವುದಿಲ್ಲ. ಎಚ್‌ಐವಿ ಇರುವವರಲ್ಲಿ ಕರುಳಿನ ಗೋಡೆ ಸಡಿಲವಾಗಿ ಅಲ್ಲಿಯ ಬ್ಯಾಕ್ಟೀರಿಯಾದ ಅಂಶಗಳು ಲಿವರಿಗೆ ಹರಿದುಬರುತ್ತವೆ. ಇದರಿಂದ ಲಿವರಿನಲ್ಲಿ ನಾರು ಕಟ್ಟುವುದು ಜೋರಾಗುತ್ತದೆ. ಎರಡೂ ಸೋಂಕು ಇದ್ದವರಲ್ಲಿ ಸಿರೋಸಿಸ್ಸಿನ ಅಪಾಯ ಸುಮಾರು ಮೂರು ಪಟ್ಟು ಅಂತ ಹಳೆಯ ಅಧ್ಯಯನಗಳ ಲೆಕ್ಕ ಹೇಳುತ್ತದೆ. ಎಚ್‌ಐವಿ ನಾಶ ಮಾಡುವ ರಕ್ಷಣಾ ಕೋಶಗಳಾದ ಸಿಡಿ-4 ಕೋಶಗಳು ಕಡಿಮೆ ಇದ್ದಷ್ಟೂ ವೇಗ ಜಾಸ್ತಿ.

ಲಿವರ್ ಕಸಿ ಆದವರ ಕಥೆ ಇನ್ನೂ ಕಠಿಣವಾಗಿತ್ತು. ರಕ್ತದಲ್ಲಿ ವೈರಸ್ ಉಳಿದಿದ್ದರೆ ಹೊಸ ಲಿವರಿಗೂ ತಪ್ಪದೆ ಅಂಟುತ್ತಿತ್ತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆಗಳು ವೈರಸ್ಸಿಗೆ ದಾರಿ ಸುಗಮ ಮಾಡುತ್ತಿದ್ದವು. ಕೆಲವರಲ್ಲಿ ವೈರಸ್ಸಿನ ಪ್ರಮಾಣ ಎಷ್ಟು ಏರುತ್ತಿತ್ತೆಂದರೆ ಅದೇ ನೇರವಾಗಿ ಜೀವಕೋಶಗಳನ್ನು ಹಾಳು ಮಾಡಿ, ಕಾಮಾಲೆ ಏರಿ, ತಿಂಗಳುಗಳಲ್ಲೇ ಹೊಸ ಲಿವರ್ ಸೋಲುತ್ತಿತ್ತು.

ಹಾಗಾಗಿ ಡಯಾಲಿಸಿಸ್ಸಿಗೆ ಹೋಗುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ನಮ್ಮಲ್ಲಿ ಮೊದಲು ಮಾಡುವ ಪರೀಕ್ಷೆ ಪ್ರತಿಕಾಯದ್ದು. ಪ್ರತಿಕಾಯವನ್ನೇ ಸರಿಯಾಗಿ ತಯಾರಿಸಲಾಗದ ದೇಹದಲ್ಲಿ ಆ ಪರೀಕ್ಷೆ ನೆಗೆಟಿವ್ ಬಂದೀತು, ಆದರೆ ವೈರಸ್ ಒಳಗೇ ಇದ್ದೀತು. ರಿಪೋರ್ಟ್ ನೆಗೆಟಿವ್ ಅಂತ ಸುಮ್ನೆ ಕೂರಬೇಡಿ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆ ಬೇಕೇ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಡಯಾಲಿಸಿಸ್ ಶುರು ಮಾಡುವಾಗ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಕೇಳುವುದು ನಿಮ್ಮ ಹಕ್ಕು.

ಹಿಂದಿನ ಚಿಕಿತ್ಸೆ ಇಂಟರ್ಫೆರಾನ್. ಅದು ದೇಹದ ರಕ್ಷಣೆಯನ್ನೇ ಕೆರಳಿಸುತ್ತಿತ್ತು. ರಕ್ಷಣೆಯೇ ಕುಂದಿದವರಿಗೆ ಅದರಿಂದ ಏನು ಪ್ರಯೋಜನ? ಕಸಿ ಆದವರಿಗಂತೂ ಅಂಗ ತಿರಸ್ಕಾರದ ಭಯ ಬೇರೆ. ಈಗಿನ ಮಾತ್ರೆಗಳು ಹಾಗಲ್ಲ. ಸೋಫೋಸ್ಬುವಿರ್ ವೈರಸ್ಸಿನ ನಕಲು ಮಾಡುವ ಕಿಣ್ವವನ್ನೇ ನಿಲ್ಲಿಸುತ್ತದೆ. ಅದರ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಕೊಡುತ್ತಾರೆ. ಸಾಮಾನ್ಯವಾಗಿ 12 ವಾರ. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ, ಎಚ್‌ಐವಿ ಇದ್ದವರೂ ಸರಿಸುಮಾರು ಅಷ್ಟೇ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಪರೀಕ್ಷೆಯೂ ಮಾತ್ರೆಯೂ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ.

ಮಾತ್ರೆ ಶುರು ಮಾಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲಿ, ಅದು ಒಳಗಿದ್ದರೆ ಈ ಹೊತ್ತಿನಲ್ಲಿ ಮತ್ತೆ ತಲೆ ಎತ್ತಬಹುದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅದರ ಜೊತೆ ಈ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಚ್‌ಐವಿ ಮಾತ್ರೆ, ಕಸಿಯ ಮಾತ್ರೆಗಳ ಚೀಟಿಯನ್ನೂ ತೋರಿಸಿ.

ಒಮ್ಮೆ ಗುಣವಾದವರಿಗೆ ಈ ವೈರಸ್ ಮತ್ತೆ ತಗಲಬಹುದು. ಗುಣವಾದ ಮೇಲೂ ಬಹಳ ಜನರಲ್ಲಿ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಆದ್ದರಿಂದ ಡಯಾಲಿಸಿಸ್ ಮುಂದುವರಿಸುತ್ತಿರುವವರು ಗುಣವಾದ ನಂತರವೂ ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಪರೀಕ್ಷೆಯನ್ನೇ ಮಾಡಿಸಬೇಕು. ನಮಸ್ಕಾರ.